ಕೂಸಿನ ಮಂಡಿ, ಡಾಕ್ಟರ ಚಿತ್ರ



ರತ್ನಗಿರಿ, ರೊಳ್ಳ, ರಾಯದುರ್ಗದ ಕಡೆ ಕನ್ನಡದ ಮನೆಯಲ್ಲಿ ಮಂಡಿ ಎನ್ನುವುದನ್ನು ತೆಲುಗಿನ ಮನೆಯಲ್ಲಿ ಮೋಕಾಲು ಎನ್ನುತ್ತಾರೆ. ಹುಟ್ಟಿದ ಕೂಸಿನ ಮಂಡಿ ಮುಂದಕ್ಕೆ ಬಾಗಿದ್ದರೆ ಎರಡು ಮನೆಯಲ್ಲೂ ಗಾಬರಿ ಒಂದೇ. “ಬಸುರಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು” ಎಂಬ ಮಾತೂ ಒಂದೇ.

ಇದಕ್ಕೆ ಗ್ರಹಣ ಕಾರಣವಲ್ಲ, ತಾಯಿಯ ತಪ್ಪೂ ಅಲ್ಲ. ಹುಟ್ಟುವಾಗಲೇ ಮಂಡಿಯ ಕೀಲು ಜಾರಿರುವ ಈ ದೋಷ ಬಲು ಅಪರೂಪ. ಲಕ್ಷ ಶಿಶುಗಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ಎಣ್ಣೆ ಹಚ್ಚಿ, ಒತ್ತಿ ಸರಿಮಾಡಲು ಹೋಗಬೇಡಿ. ಎಳೆಯ ಮೂಳೆ ಮುರಿದೀತು. ಮೊದಲ ದಿನಗಳಲ್ಲೇ ಮೂಳೆ ಡಾಕ್ಟರಿಗೆ ತೋರಿಸಿ. ಮೆಲ್ಲಗೆ ಬಗ್ಗಿಸಿ, ಹಿಟ್ಟಿನ ಕಟ್ಟು ಹಾಕಿ, ಆಗಾಗ ಬದಲಿಸುತ್ತ ಎಷ್ಟೋ ಮಕ್ಕಳನ್ನು ಆಪರೇಷನ್ ಇಲ್ಲದೆ ಸರಿಮಾಡುತ್ತಾರೆ. ತಡವಾದಷ್ಟೂ ಆಪರೇಷನ್ನಿನ ಸಂಭವ ಹೆಚ್ಚು. ಇಂಥ ಕೂಸುಗಳಲ್ಲಿ ಸೊಂಟದ ಕೀಲೂ ಜಾರಿರುವುದುಂಟು, ಅದನ್ನೂ ನೋಡಿಸಿ.

ಇನ್ನು ಚಿತ್ರದ ಮಾತು. ಎಕ್ಸ್‌ರೇಯಲ್ಲಿ ಗಟ್ಟಿ ಮೂಳೆ ಮಾತ್ರ ಚೆನ್ನಾಗಿ ಕಾಣುತ್ತದೆ. ಕೂಸಿನ ಮಂಡಿಚಿಪ್ಪು ನಮ್ಮ ಕಿವಿಯಂತೆ ಮೆತ್ತಗಿರುತ್ತದೆ. ಅದು ಮೂಳೆಯಾಗತೊಡಗುವುದು ಸಾಮಾನ್ಯವಾಗಿ 3ರಿಂದ 6 ವರ್ಷದೊಳಗೆ. ಆದ್ದರಿಂದ ಎರಡು ವರ್ಷದ ಮಗುವಿನ ಎಕ್ಸ್‌ರೇಯಲ್ಲಿ ಚಿಪ್ಪು ಕಾಣದಿದ್ದರೆ “ಚಿಪ್ಪೇ ಇಲ್ಲ” ಎಂದು ಎದೆಗುಂದಬೇಡಿ. ಬಸುರಿಯರಿಗೆ ಮಾಡುವಂಥ ಸ್ಕ್ಯಾನಿಂಗ್ ಮಾಡಿದರೆ ಮೆತ್ತನೆಯ ಚಿಪ್ಪು ಎಲ್ಲಿದೆ, ಪಕ್ಕಕ್ಕೆ ಜಾರಿದೆಯೇ ಎಂಬುದು ಕಾಣುತ್ತದೆ. ಶಾಲೆಗೆ ಹೋಗುವ ಮಗುವಿನ ಮಂಡಿ ಲಟಕ್ಕೆಂದು ಸದ್ದು ಮಾಡಿ ಸಿಕ್ಕಿಕೊಳ್ಳುತ್ತಿದ್ದರೆ, ಒಳಗಿನ ಮೆತ್ತೆ ಹುಟ್ಟಿನಿಂದಲೇ ಬಿಲ್ಲೆಯಾಕಾರವಾಗಿರಬಹುದು. ಅದನ್ನು ತೋರಿಸುವುದು ಎಂ.ಆರ್.ಐ. ಸ್ಕ್ಯಾನಿಂಗಿಗೂ ಎಂ.ಆರ್.ಐ.ಗೂ ಎಕ್ಸ್‌ರೇ ಕಿರಣ ಬೇಕಿಲ್ಲ.

ಕೆಲವೊಮ್ಮೆ ಸುಳಿವು ಮಂಡಿಯಲ್ಲಲ್ಲ, ಕೈಯುಗುರಿನಲ್ಲಿರುತ್ತದೆ. ಮಂಡಿಚಿಪ್ಪು ತೀರ ಚಿಕ್ಕದಾಗಿದ್ದು ಹೆಬ್ಬೆರಳಿನ ಉಗುರೂ ಸೊರಗಿದ್ದರೆ, ಅದು ವಂಶದಲ್ಲಿ ಬರುವ ದೋಷವಿರಬಹುದು. ಅದು ಮೂತ್ರಪಿಂಡಕ್ಕೂ ತಾಗಬಹುದಾದ್ದರಿಂದ ಮೂತ್ರ ಪರೀಕ್ಷೆ ಬೇಕು. ತಂದೆತಾಯಿಯೂ ತಮ್ಮ ಉಗುರು ತೋರಿಸಲಿ.

ವಂಶದ ದೋಷವೆಂದರೆ ಶಾಪವಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳನ್ನು ಕುಗ್ಗಿಸುವ ಕಾಯಿಲೆ ಬೆಳಕಿಗೆ ಬಂದಾಗ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಊಹೆಯಿತ್ತು. ಎಕ್ಸ್‌ರೇಗಳನ್ನೂ ಮನೆತನಗಳ ವಿವರವನ್ನೂ ಕೂಡಿಸಿ ನೋಡಿದಾಗ ಅದು ವಂಶದಲ್ಲಿ ಬರುವ ಮೂಳೆಯ ಕಾಯಿಲೆಯೆಂದು ತಿಳಿಯಿತು.

ಕಡೆಯದಾಗಿ ಒಂದು ಮಾತು. ನಾವು ಗಡಿಯವರು, ಇಂದು ಹಿಂದೂಪುರಕ್ಕೆ ಹೋದರೆ ನಾಳೆ ಶಿರಾಕ್ಕೋ ಬೆಂಗಳೂರಿಗೋ ಹೋಗುತ್ತೇವೆ. ಪ್ರತಿ ಫಿಲ್ಮಿನ ಮೇಲೂ ತಾರೀಖು, ಮಗುವಿನ ವಯಸ್ಸು ಬರೆಸಿ, ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ಹಳೆಯ ಚಿತ್ರವಿದ್ದರೆ ಹೊಸ ಡಾಕ್ಟರಿಗೆ ಹೋಲಿಸಿ ನೋಡಲು ಬರುತ್ತದೆ. ಮಗುವಿಗೆ ಮತ್ತೊಂದು ಎಕ್ಸ್‌ರೇ ತಪ್ಪಲೂಬಹುದು.

ಕೂಸಿಗೆ ಸ್ನಾನ ಮಾಡಿಸುವಾಗ ಎರಡು ಮಂಡಿಯೂ ಒಂದೇ ಸಮ ಮಡಿಸುತ್ತವೆಯೇ ಎಂದು ನೋಡುತ್ತೀರಲ್ಲವೇ?