ಊರೊಟ್ಟಿನ ಮನೆ

ನಮ್ಮ ಹಿರಿಯರಿಗೆ 'ಸಮುದಾಯ ಭವನ' ಎಂಬ ಮಾತು ತಿಳಿದಿರಲಿಲ್ಲ. ಅವರಿಗಿದ್ದದ್ದು ಅರಳಿಕಟ್ಟೆ, ಚಾವಡಿ, ಗುಡಿಯ ಜಗಲಿ. ನ್ಯಾಯತೀರ್ಮಾನ, ಹಬ್ಬದ ವಂತಿಗೆ, ಕೆರೆಯ ಕೆಲಸದ ಮಾತು ಎಲ್ಲವೂ ಅಲ್ಲಿಯೇ ನಡೆಯುತ್ತಿತ್ತು. ಆದರೆ ಆ ಕಟ್ಟೆಯ ಮೇಲೆ ಊರಿನವರೆಲ್ಲರೂ ಕೂರುವಂತಿರಲಿಲ್ಲ. ಕೆಲವರು ದೂರ ನಿಂತೇ ಮಾತು ಕೇಳಬೇಕಾಗಿತ್ತು. ಈ ಕೊರತೆಯನ್ನು ಮರೆತು ಹಳೆಯದನ್ನು ಹೊಗಳುವುದು ಸಲ್ಲದು. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ದಾರಿ, ಸಾರ್ವಜನಿಕ ಸ್ಥಳಗಳಲ್ಲಿ ಜಾತಿಯ ತಡೆ ಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಸಾರಿತು. ಸಮುದಾಯ ಭವನದ ನಿಜವಾದ ಅಡಿಗಲ್ಲು ಅದೇ ಎಂದು ನನ್ನ ತಿಳಿವಳಿಕೆ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ತರುವಾಯ ಈ ಶಬ್ದ ಹಳ್ಳಿಗಳಿಗೂ ಬಂತು. 1993ರಲ್ಲಿ ಹೊಸ ಪಂಚಾಯತಿ ವ್ಯವಸ್ಥೆ ಬಂದಾಗ, ಸಮುದಾಯದ ಆಸ್ತಿಗಳ ಪಾಲನೆಯು ಸಂವಿಧಾನದ 11ನೆಯ ಅನುಸೂಚಿಯ 29ನೆಯ ಬಾಬಾಗಿ ಸೇರಿತು. ಅದೇ ಪಟ್ಟಿಯ ಕಡೆಯ ಬಾಬು.

ಕಟ್ಟಡಕ್ಕೆ ಶಾಸಕರ ನಿಧಿಯೋ ಸಂಸದರ ನಿಧಿಯೋ ಒದಗೀತು. ನಡೆಸುವುದಕ್ಕೆ ಯಾವ ನಿಧಿಯೂ ಇಲ್ಲ. ಬಾಡಿಗೆಯಿಂದಲೇ ದೀಪದ ಬಿಲ್ಲು, ನೀರು, ಗುಡಿಸುವವರ ಕೂಲಿ, ಸುಣ್ಣಬಣ್ಣ, ಒಡೆದ ಹೆಂಚು ಎಲ್ಲವೂ ಸಾಗಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯಂತೆ, ಹಲವರು ಸೇರಿ ಹೊತ್ತರೆ ಇದು ಹಗುರ. ಬೀಗದ ಕೈ ಒಬ್ಬರ ಸೊಂಟ ಸೇರಿದರೆ ಭವನವೂ ಅವರ ಮನೆಯ ಪಡಸಾಲೆಯಾಗುತ್ತದೆ.

ಬೆಂಗಳೂರಿನ ಸುತ್ತಲಿನ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಇಂಥ ಕಡೆಗಳಲ್ಲಿ ಹೊಲ ಹೋಯಿತು, ಕಣ ಹೋಯಿತು. ಎಲ್ಲರದೆನ್ನಲು ಉಳಿದದ್ದು ಗುಡಿ ಮತ್ತು ಭವನ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. 2025ರಲ್ಲಿ ಆ ಪಾಲಿಕೆಯೂ ಐದಾಯಿತು. ಪಂಚಾಯತಿ ಹೋದೆಡೆ ಗ್ರಾಮಸಭೆಯೂ ಹೋಯಿತು. 'ಭವನದ ಬಾಡಿಗೆ ಎಷ್ಟು ಬಂತು, ಎಲ್ಲಿ ಹೋಯಿತು?' ಎಂದು ಎದ್ದು ನಿಂತು ಕೇಳುವ ಜಾಗವೇ ಇಲ್ಲವಾಯಿತು. ಪಂಚಾಯತಿ ಉಳಿದಿರುವ ಊರುಗಳು ಆ ಹಕ್ಕನ್ನು ಕೈಬಿಡಬಾರದು. ಗ್ರಾಮಸಭೆಯಲ್ಲಿ ಕೇಳಬಹುದು, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕದ ಪುಸ್ತಕವನ್ನೇ ತೆರೆಸಿ ನೋಡಬಹುದು.

ನನ್ನ ತರಗತಿಯ ಹುಡುಗಿಯೊಬ್ಬಳ ಮನೆಯವರು ಉತ್ತರದ ಜಿಲ್ಲೆಯಿಂದ ಗಾರೆ ಕೆಲಸಕ್ಕೆ ಬಂದವರು. ಹನ್ನೆರಡು ವರ್ಷದಿಂದ ಇಲ್ಲಿಯೇ ಬಾಡಿಗೆ ಮನೆ. ಅಕ್ಕನ ಮದುವೆಗೆ ಭವನ ಕೇಳಿದಾಗ 'ಊರಿನವರಿಗೆ ಮಾತ್ರ' ಎಂಬ ಉತ್ತರ ಬಂತಂತೆ. ಕಲ್ಯಾಣ ಮಂಟಪದ ಬಾಡಿಗೆ ಅವರ ಕೈಗೆಟುಕುವಂಥದಲ್ಲ. ಮದುವೆ ಬೀದಿಯ ಶಾಮಿಯಾನದಡಿ ಮಳೆಯಲ್ಲಿ ನಡೆಯಿತು. 'ಊರಿನವರು ಅಂದರೆ ಯಾರು ಸಾರ್?' ಎಂದು ಆಕೆ ಕೇಳಿದಳು. ವ್ಯಾಕರಣ ಕಲಿಸುವ ನಾನು ಆ ಪದಕ್ಕೆ ಅರ್ಥ ಹೇಳಲಾರದೆ ನಿಂತೆ.

ಈಗ ಹೇಳಬಲ್ಲೆ. ಊರಿನಲ್ಲಿ ಒಲೆ ಹೊತ್ತಿಸುವವರೆಲ್ಲರೂ ಊರಿನವರು. ಬಾಡಿಗೆಯ ದರ ಬಾಗಿಲಲ್ಲಿ ಬರೆದಿರಲಿ. ಮುಂಗಡಕ್ಕೆ ರಸೀತಿ ಇರಲಿ. ಮೊದಲು ಕೇಳಿದವರಿಗೆ ಮೊದಲು ದಿನ ಸಿಗಲಿ. ಬಡವರಿಗೆ ರಿಯಾಯಿತಿ ಇರಲಿ. ಹಿಂದೆ ಕಟ್ಟೆಯ ಕೆಳಗೆ ಕೆಲವರನ್ನು ನಿಲ್ಲಿಸಿದ ತಪ್ಪನ್ನು, ಇಂದು ಭವನದ ಬಾಗಿಲಲ್ಲಿ ಬೇರೆ ಹೆಸರಿನಿಂದ ಮತ್ತೆ ಮಾಡದಿರೋಣ.