ಹುಲ್ಲಿನ ಮೇಲೆ ಕುಳಿತ ನ್ಯಾಯ

(ಶ್ರೀಮಠದ ಮಾಸಿಕ ಚಿಂತನಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ‘ನ್ಯಾಯ ಮತ್ತು ಕ್ಷಮೆ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಪಂಡಿತನಲ್ಲ, ಸರ್ಕಾರಿ ಎಂಜಿನಿಯರ್ ಆಗಿ ರಸ್ತೆ, ಸೇತುವೆ ಕಟ್ಟಿಸಿ ನಿವೃತ್ತನಾದವನು. ಆದ್ದರಿಂದ ಶಾಸ್ತ್ರದ ಮಾತು ಬಿಟ್ಟು ಒಂದು ದೇಶದಲ್ಲಿ ನಡೆದದ್ದನ್ನು ನಿಮ್ಮ ಮುಂದಿಡುತ್ತೇನೆ. ಆ ದೇಶ ಆಫ್ರಿಕಾದ ರುವಾಂಡಾ. ನಿವೃತ್ತಿಯ ನಂತರ ಅದರ ಬಗ್ಗೆ ಓದುತ್ತಾ ಬಂದಿದ್ದೇನೆ.

ರುವಾಂಡಾ ಗುಡ್ಡಗಳ ನಾಡು. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಏಳನೆಯ ಒಂದು ಭಾಗದಷ್ಟೇ. ಅಲ್ಲಿನ ಹುಟು ಮತ್ತು ಟುಟ್ಸಿ ಜನ ಆಡುವುದು ಒಂದೇ ಭಾಷೆ. ಅಕ್ಕಪಕ್ಕದ ಹೊಲ, ಒಂದೇ ಸಂತೆ. ಹೆಣ್ಣು ಕೊಟ್ಟು ತರುವುದೂ ಇತ್ತು. ಆದರೆ ಬೆಲ್ಜಿಯಂನ ಆಳ್ವಿಕೆಯ ಕಾಲದಲ್ಲಿ ಪ್ರತಿಯೊಬ್ಬನ ಗುರುತಿನ ಚೀಟಿಯ ಮೇಲೆ ಅವನು ಯಾರು ಎಂದು ಬರೆಯುವ ಪದ್ಧತಿ ಬಂತು. 1994ರ ಏಪ್ರಿಲ್‌ನಲ್ಲಿ ಆ ಚೀಟಿಯೇ ಜೀವ ತೆಗೆಯಿತು. ಸುಮಾರು ನೂರು ದಿನಗಳಲ್ಲಿ ಸತ್ತವರು, ವಿಶ್ವಸಂಸ್ಥೆಯ ಲೆಕ್ಕದಲ್ಲಿ, 8 ಲಕ್ಷಕ್ಕೂ ಹೆಚ್ಚು. ಬಹುಪಾಲು ಟುಟ್ಸಿಗಳು, ಕೊಲೆಯನ್ನು ವಿರೋಧಿಸಿದ ಹುಟುಗಳೂ ಇದ್ದರು. ಕೊಂದವರಲ್ಲಿ ಸೈನಿಕರಿದ್ದರು, ಪುಂಡರ ಪಡೆಗಳಿದ್ದವು. ಅವರ ಜೊತೆಗೆ ಮಚ್ಚು ಹಿಡಿದ ಪಕ್ಕದ ಮನೆಯವರೂ ಇದ್ದರು.

ನ್ಯಾಂಗೆ ಎಂಬ ಊರಿನ ಚರ್ಚಿನೊಳಗೆ ಒಂದೂವರೆ ಸಾವಿರದಷ್ಟು ಟುಟ್ಸಿಗಳು ಆಶ್ರಯ ಪಡೆದಿದ್ದರು. ದೇವರ ಮನೆ, ಇಲ್ಲಿ ಯಾರೂ ಮುಟ್ಟಲಾರರು ಎಂಬ ನಂಬಿಕೆ. ರಸ್ತೆ ಕಾಮಗಾರಿಗೆಂದು ಬಂದಿದ್ದ ಬುಲ್ಡೋಜರ್ ತಂದು ಆ ಚರ್ಚನ್ನು ಅವರ ಮೇಲೆಯೇ ಕೆಡವಿದರು. ಕಟ್ಟಡದ ದುರ್ಬಲ ಪಕ್ಕ ಯಾವುದೆಂದು ಚಾಲಕನಿಗೆ ತೋರಿಸಿದವರು ಅಲ್ಲಿನ ಪಾದ್ರಿ ಅಥನಾಸೆ ಸೆರೊಂಬಾ ಎಂದು ಮುಂದೆ ನ್ಯಾಯಾಲಯ ತೀರ್ಮಾನಿಸಿ, 2008ರಲ್ಲಿ ಮೇಲ್ಮನವಿಯ ಹಂತದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಯಂತ್ರಗಳನ್ನು ನಡೆಸಿ ರಸ್ತೆ ಮಾಡಿಸಿದವನು ನಾನು. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ. ಮಠದ ಅಂಗಳದಲ್ಲಿ ನಿಂತು ಇದನ್ನು ಹೇಳುವುದಕ್ಕೆ ಕಾರಣವಿದೆ. ಧರ್ಮದ ಮನೆಯೊಂದು ತನ್ನನ್ನು ನಂಬಿ ಬಂದವರನ್ನು ಕೈಬಿಟ್ಟ ಮೇಲೆ, ಉಳಿದವರಿಗೆ ‘ಕ್ಷಮಿಸಿರಿ’ ಎಂದು ಹೇಳುವ ಅಧಿಕಾರ ಯಾರಿಗಿದೆ?

ಈಗ ನ್ಯಾಯದ ಮಾತಿಗೆ ಬರೋಣ. ವಿಶ್ವಸಂಸ್ಥೆ 1994ರ ನವೆಂಬರ್‌ನಲ್ಲಿಯೇ ಅಂತರರಾಷ್ಟ್ರೀಯ ನ್ಯಾಯಮಂಡಳಿ ರಚಿಸಿತು. ಅದು ಕುಳಿತದ್ದು ನೆರೆಯ ತಾಂಜಾನಿಯಾದ ಅರುಷಾ ನಗರದಲ್ಲಿ. ಅದರ ಕೆಲಸ ಸಣ್ಣದಲ್ಲ. ಟಾಬಾ ಎಂಬ ಊರಿನ ಮೇಯರ್ ಅಕಾಯೆಸು ಅವರ ಮೇಲಿನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ಹಳ್ಳಿಯ ಹೆಣ್ಣುಮಗಳೊಬ್ಬಳು ತನ್ನ ಮಗಳಿಗೆ ಆದದ್ದನ್ನು ಹೇಳಿದಳು. ಪೀಠದಲ್ಲಿದ್ದವರಲ್ಲಿ ಭಾರತೀಯ ಮೂಲದ ದಕ್ಷಿಣ ಆಫ್ರಿಕಾದ ನ್ಯಾಯಾಧೀಶೆ ನವಿ ಪಿಳ್ಳೈ ಒಬ್ಬರು. ಪೀಠ ಆ ಮಾತನ್ನು ಬಿಡದೆ ಕೇಳಿಸಿಕೊಂಡಿತು, ಆರೋಪಪಟ್ಟಿ ತಿದ್ದುಪಡಿಯಾಯಿತು. 1998ರ ಸೆಪ್ಟೆಂಬರ್ ತೀರ್ಪಿನಲ್ಲಿ, ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದು ಮೊದಲ ಬಾರಿಗೆ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಹೇಳಿತು. ಊರಿನ ತಾಯಿಯ ಮಾತು ಜಗತ್ತಿನ ಕಾನೂನಿಗೆ ಸೇರಿತು.

ಆದರೂ ಊರಿನವರು ಅರುಷಾವನ್ನು ತಮ್ಮದೆಂದು ಕಾಣಲಿಲ್ಲ. 2015ರ ಕೊನೆಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಅದು ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತ್ತು. ಆರೋಪ ಹೊರಿಸಿದ್ದು 93 ಮಂದಿಯ ಮೇಲೆ. ಕಲಾಪ ಬೇರೆ ದೇಶದಲ್ಲಿ, ತೀರ್ಪು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ. ಬದುಕುಳಿದವರ ಸಂಘಗಳ ಒಂದು ದೂರು ನನಗೆ ಮರೆಯಲಾಗಿಲ್ಲ: ಅರುಷಾದ ಜೈಲಿನಲ್ಲಿದ್ದ ಆರೋಪಿಗಳಿಗೆ ಏಡ್ಸ್ ರೋಗಕ್ಕೆ ಔಷಧಿ ಸಿಗುತ್ತಿತ್ತು, ಅತ್ಯಾಚಾರದಿಂದ ಅದೇ ರೋಗ ತಗುಲಿಸಿಕೊಂಡು ಸಾಕ್ಷಿ ಹೇಳಿದ ಹೆಂಗಸರು ಔಷಧಿಯಿಲ್ಲದೆ ಊರಿಗೆ ಮರಳುತ್ತಿದ್ದರು.

ಇತ್ತ ರುವಾಂಡಾದ ಜೈಲುಗಳಲ್ಲಿ 1,20,000ದಷ್ಟು ಕೈದಿಗಳು ತುಂಬಿದ್ದರು. ಅಂದಾಜು ಹಾಕುವುದು ನನ್ನ ವೃತ್ತಿ. ದೇಶದ ಮಾಮೂಲಿ ನ್ಯಾಯಾಲಯಗಳು ಹತ್ತು ವರ್ಷದಲ್ಲಿ ಮುಗಿಸಿದ್ದು ಸುಮಾರು 10,000 ಮಂದಿಯ ವಿಚಾರಣೆ. ಹಾಗಾದರೆ ಎಲ್ಲರದ್ದೂ ಮುಗಿಯಲು ನೂರಿಪ್ಪತ್ತು ವರ್ಷ! ಹೀಗಾಗಿ ಅಲ್ಲಿನ ಸರ್ಕಾರ ಊರಿನ ಹಳೆಯ ಪದ್ಧತಿಯೊಂದನ್ನು ಹೊಸದಾಗಿ ಕಟ್ಟಿತು. ಅದೇ ಗಚಾಚಾ. ಹೆಸರು ಬಂದದ್ದು ಹಿರಿಯರು ಕುಳಿತು ವ್ಯಾಜ್ಯ ಬಗೆಹರಿಸುತ್ತಿದ್ದ ಹುಲ್ಲಿನಿಂದ. ನಮ್ಮ ಅರಳಿಕಟ್ಟೆಯ ಪಂಚಾಯ್ತಿಯನ್ನು ನೆನೆಯಬಹುದು. ಆದರೆ ಇಲ್ಲಿ ನ್ಯಾಯ ಹೇಳುವವರನ್ನು ಊರವರೇ ಚುನಾಯಿಸಿದರು, ಹೆಂಗಸರೂ ಕುಳಿತರು. ವಕೀಲರಿಲ್ಲ, ಸಂಬಳವಿಲ್ಲ. 2002ರಲ್ಲಿ ಪ್ರಯೋಗವಾಗಿ ಆರಂಭವಾಗಿ 2012ರ ಜೂನ್‌ನಲ್ಲಿ ಮುಗಿಯುವ ವೇಳೆಗೆ ಸುಮಾರು 12,000 ಗಚಾಚಾಗಳು 19 ಲಕ್ಷಕ್ಕೂ ಹೆಚ್ಚು ಪ್ರಕರಣ ತೀರ್ಮಾನಿಸಿದ್ದವು.

ಊರಿನವರಿಗೆ ಇದರಿಂದ ಏನು ಸಿಕ್ಕಿತು? ನಮ್ಮ ಇಲಾಖೆಯಲ್ಲಿ ನಕ್ಷೆ ಕಚೇರಿಯಲ್ಲಿರುತ್ತದೆ, ಆದರೆ ಮಳೆಗಾಲದಲ್ಲಿ ನೀರು ಎಲ್ಲಿ ನುಗ್ಗುತ್ತದೆ ಎಂಬುದು ಊರಿನ ಮುದುಕರಿಗೇ ಗೊತ್ತು. ಅಲ್ಲಿಯೂ ಹಾಗೆಯೇ. ಯಾರು ಯಾರ ಮನೆಗೆ ನುಗ್ಗಿದರು, ಹೆಣವನ್ನು ಯಾವ ಶೌಚದ ಗುಂಡಿಗೆ ಎಸೆದರು ಎಂಬುದು ಊರಿನ ಕಣ್ಣಿಗೆ ಗೊತ್ತಿತ್ತು. ಅದು ಸಭೆಯಲ್ಲಿ ಹೊರಬಿತ್ತು. ಎಷ್ಟೋ ಮಂದಿ ತಮ್ಮವರ ಮೂಳೆಗಳನ್ನು ಹೊರತೆಗೆದು ಗೌರವದಿಂದ ಮಣ್ಣು ಮಾಡಿದ್ದು ಆ ಮಾತುಗಳ ಬಲದಿಂದಲೇ. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆಯಾಯಿತು. ಹಲವರು ಅದರ ಒಂದು ಭಾಗವನ್ನು ಸಮಾಜಸೇವೆಯಾಗಿ ತೀರಿಸಿದರು: ರಸ್ತೆಗೆ ಕಲ್ಲು ಒಡೆದರು, ಗುಡ್ಡದ ಇಳಿಜಾರಿಗೆ ಮೆಟ್ಟಿಲು ಬದು ಹಾಕಿದರು, ಬದುಕುಳಿದವರಿಗೆ ಮನೆ ಕಟ್ಟಿದರು.

ಸಿಗದೆ ಹೋದದ್ದನ್ನೂ ಹೇಳಬೇಕು. ಸಾಕ್ಷಿ ಹೇಳಿದವರಲ್ಲಿ ಕೆಲವರನ್ನು ಕೊಂದರು. ಹೊಲದ ಜಗಳಕ್ಕಾಗಿ ಸುಳ್ಳು ಆರೋಪ ಹೊರಿಸಿದವರೂ ಇದ್ದರು. ವಕೀಲರಿಲ್ಲದ ಸಭೆಯಲ್ಲಿ ನಿರಪರಾಧಿಗೆ ರಕ್ಷಣೆ ಕಡಿಮೆ. ಲೂಟಿಯಾದ ಆಸ್ತಿಗೆ ಪರಿಹಾರ ಕೊಡಿ ಎಂದು ಆದೇಶವಾದರೂ ಕೊಡಬೇಕಾದವನ ಬಳಿ ಏನೂ ಇರಲಿಲ್ಲ. ಇನ್ನೂ ದೊಡ್ಡ ಕೊರತೆಯೊಂದಿದೆ. ನರಮೇಧವನ್ನು ನಿಲ್ಲಿಸಿದ್ದು ಆರ್‌ಪಿಎಫ್ ಸೇನೆ. ಆ ಸೇನೆಯವರೂ ಹುಟು ನಾಗರಿಕರನ್ನು ಕೊಂದಿದ್ದರು. ಆ ಪ್ರಕರಣಗಳು ಹುಲ್ಲಿನ ಮೇಲೂ ಬರಲಿಲ್ಲ, ಅರುಷಾಕ್ಕೂ ಹೋಗಲಿಲ್ಲ. ಎರಡು ಅಪರಾಧಗಳ ಪ್ರಮಾಣ ಸಮವಲ್ಲ, ನಿಜ. ಆದರೆ ಮಗನನ್ನು ಕಳೆದುಕೊಂಡ ಹುಟು ತಾಯಿಗೆ ತನ್ನ ದುಃಖ ಹೇಳಲು ಸಭೆಯೇ ಇಲ್ಲವೆಂದರೆ, ಆ ನ್ಯಾಯವನ್ನು ಅವಳು ಗೆದ್ದವರ ನ್ಯಾಯ ಎನ್ನದೆ ಬೇರೇನು ಎನ್ನಬೇಕು?

ಬಂಧುಗಳೆ, ಕ್ಷಮೆಯ ವಿಷಯಕ್ಕೆ ಬಂದು ಮುಗಿಸುತ್ತೇನೆ. ಗಚಾಚಾ ಕಾನೂನಿನಲ್ಲಿ ತಪ್ಪೊಪ್ಪಿಗೆಯ ಜೊತೆಗೆ ಕ್ಷಮೆ ಕೇಳುವುದು ಕಡ್ಡಾಯವಾಗಿತ್ತು. ಕ್ಷಮಿಸುವುದು ಕಡ್ಡಾಯವಾಗಿರಲಿಲ್ಲ. ಈ ವ್ಯತ್ಯಾಸವೇ ನನಗೆ ಮುಖ್ಯವಾಗಿ ಕಂಡದ್ದು. ಆದರೆ ಸರ್ಕಾರ, ಚರ್ಚು ಎರಡೂ ಕಡೆಯಿಂದ ‘ಒಂದಾಗಿ ಬಾಳಿ’ ಎಂಬ ಒತ್ತಡ ಬಿತ್ತು. ಗುಡ್ಡದ ಮೇಲೆ ಒಂಟಿಯಾಗಿ ಉಳಿದ ವಿಧವೆ, ಗಂಡನನ್ನು ಕೊಂದವನು ಬಿಡುಗಡೆಯಾಗಿ ಎದುರಿನ ಹೊಲಕ್ಕೆ ಬಂದಾಗ, ‘ಕ್ಷಮಿಸಿದೆ’ ಎನ್ನದೆ ಮತ್ತೇನು ಅನ್ನಬಲ್ಲಳು? ಹೆದರಿಕೆಯಿಂದ ಬಂದ ಮಾತನ್ನು ನಾವು ಕ್ಷಮೆಯ ಲೆಕ್ಕಕ್ಕೆ ಬರೆದುಕೊಳ್ಳಬಾರದು. ನಿಜವಾಗಿ ಕ್ಷಮಿಸಿದವರೂ ಅಲ್ಲಿದ್ದಾರೆ, ಅವರಿಗೆ ಕೈಮುಗಿಯುತ್ತೇನೆ. ಆದರೆ ಕ್ಷಮಿಸದವರು ಅವರಿಗಿಂತ ಸಣ್ಣವರಲ್ಲ.

ಮಠಗಳಲ್ಲಿ, ಸಭೆಗಳಲ್ಲಿ ಕ್ಷಮೆಯನ್ನು ಹೊಗಳುವುದು ನಮಗೆ ಸುಲಭ. ಹೊಗಳುವ ಮೊದಲು ಮೂರು ಕೇಳೋಣ: ನಡೆದದ್ದನ್ನು ಮಾಡಿದವನು ಊರಿನ ಮುಂದೆ ಹೇಳಿದ್ದಾನೆಯೇ? ನೊಂದವರು ಕಣ್ಣಾರೆ ಕಾಣುವ ಜಾಗದಲ್ಲಿ ನ್ಯಾಯ ನಡೆದಿದೆಯೇ? ಎಲ್ಲ ಕಡೆಯ ನೊಂದವರಿಗೂ ಮಾತಾಡಲು ಜಾಗ ಸಿಕ್ಕಿದೆಯೇ? ಇಷ್ಟಾದ ಮೇಲೂ ಕ್ಷಮಿಸುವುದು ಬಿಡುವುದು ನೊಂದವರಿಗೆ ಬಿಟ್ಟದ್ದು. ಅವರ ಪರವಾಗಿ ಕ್ಷಮಿಸುವ ಹಕ್ಕು ಸರ್ಕಾರಕ್ಕಿಲ್ಲ, ಗುರುಗಳಿಗಿಲ್ಲ, ನಿಮಗೂ ನನಗೂ ಇಲ್ಲ.