ಹೊಳೆದಂಡೆಯ ಊರು ಮತ್ತು ನಿಮ್ಮ ಕ್ಯಾಮೆರಾ



ನಿಮ್ಮಲ್ಲಿ ಬಹಳ ಮಂದಿಯ ಬಳಿ ಮೈಸೂರು ಅರಮನೆಯ ಚಿತ್ರವಿರುತ್ತದೆ. ದೀಪಾಲಂಕಾರದ ಚಿತ್ರ, ಅದರ ಮುಂದೆ ಗೆಳೆಯರೊಂದಿಗೆ ನಿಂತ ಚಿತ್ರ, ಹೀಗೆ ಹತ್ತಾರು ಇರಬಹುದು. ಈಗ ನಿಮಗೊಂದು ಪ್ರಶ್ನೆ. ನೀವು ಹುಟ್ಟಿ ಬೆಳೆದ ಬೀದಿಯ ಚಿತ್ರ ನಿಮ್ಮ ಬಳಿ ಇದೆಯೇ? ಮನೆಯ ಮುಂದಿನ ಜಗಲಿ, ಊರ ಬಾವಿ, ಹೊಳೆಯ ಸೋಪಾನ, ಸಂತೆ ಸೇರುವ ಅರಳಿಕಟ್ಟೆ, ಇವುಗಳಲ್ಲಿ ಒಂದಾದರೂ ಇದೆಯೇ? ಇಲ್ಲವೆನ್ನುವವರೇ ಹೆಚ್ಚು. ಅದಕ್ಕೆ ಕಾರಣವೂ ಸರಳ. ದಿನವೂ ಕಾಣುವುದನ್ನು ನಾವು ನೋಡುವುದಿಲ್ಲ. ನಾಳೆಯೂ ಅದು ಅಲ್ಲೇ ಇರುತ್ತದೆಂದು ನಂಬಿರುತ್ತೇವೆ.

ಆ ನಂಬಿಕೆ ಎಷ್ಟು ದುಬಾರಿಯಾದದ್ದು ಎಂಬುದನ್ನು ನಾನು ಕಲಿತದ್ದು ಸುತ್ತೂರಿನಲ್ಲಿ. ಆ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಊರನ್ನೂ ಹೊಳೆಯನ್ನೂ ಪರಿಚಯಿಸಿಕೊಳ್ಳೋಣ.

ಕೇರಳದ ವಯನಾಡಿನಲ್ಲಿ ಹುಟ್ಟುವ ಕಪಿಲಾ ನದಿಗೆ ಕಬಿನಿ ಎಂಬ ಹೆಸರೂ ಇದೆ. ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ ಬಂದ ನದಿ ನಂಜನಗೂಡನ್ನು ಮುಟ್ಟುತ್ತದೆ, ಸುತ್ತೂರನ್ನು ಹಾಯುತ್ತದೆ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ನಕ್ಷೆಯಲ್ಲಿ ನೋಡಿದರೆ ಇದು ಗೇಣುದ್ದದ ಗೆರೆ. ಆದರೆ ಈ ಗೆರೆಯ ಉದ್ದಕ್ಕೂ ಸಾವಿರ ವರ್ಷದ ಕಟ್ಟಡಗಳೂ ಕಳೆದ ವರ್ಷ ಬಣ್ಣ ಬಳಿದ ಮನೆಗಳೂ ಒಂದರ ಪಕ್ಕ ಒಂದು ನಿಂತಿವೆ. ಚಿತ್ರ ತೆಗೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ನಂಜನಗೂಡಿನಿಂದ ಹೊರಡೋಣ. ಮೈಸೂರಿನಿಂದ ಸುಮಾರು 23 ಕಿಲೋಮೀಟರು. ಶ್ರೀಕಂಠೇಶ್ವರ ದೇವಾಲಯದ ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147. ಒಂಬತ್ತು ಅಂತಸ್ತಿನ ಮಹಾದ್ವಾರ ಗೋಪುರದ ಎತ್ತರ ಸುಮಾರು 120 ಅಡಿ. ಈ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಇಷ್ಟು ದೊಡ್ಡ ಕಟ್ಟಡವನ್ನು ಒಂದೇ ಚಿತ್ರದಲ್ಲಿ ತುಂಬಿಸಬೇಕೆಂದು ಹೊರಟವರು ಮಾಡುವ ತಪ್ಪು ಒಂದೇ ಬಗೆಯದು. ಗೋಪುರದ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಎತ್ತುತ್ತಾರೆ. ಚಿತ್ರದಲ್ಲಿ ಗೋಪುರ ಹಿಂದಕ್ಕೆ ವಾಲಿದಂತೆ, ತುದಿ ಮೊನಚಾದಂತೆ ಕಾಣುತ್ತದೆ. ಕ್ಯಾಮೆರಾದ ಮುಖ ಗೋಡೆಗೆ ಸಮಾನಾಂತರವಾಗಿ ಇಲ್ಲದಿದ್ದಾಗ ನೇರ ಗೆರೆಗಳು ಹೀಗೆ ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಇದಕ್ಕೆ ಪರಿಹಾರ ನಿಮ್ಮ ಕಾಲಿನಲ್ಲಿದೆ. ಹಿಂದಕ್ಕೆ ನಡೆಯಿರಿ. ಎದುರಿನ ರಥಬೀದಿಯಲ್ಲಿ ದೂರ ಹೋಗಿ, ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿಯಿರಿ. ಬೀದಿಯ ಅಂಗಡಿ, ಹೂವು ಮಾರುವವರು, ನಡೆಯುವ ಜನ, ಎಲ್ಲವೂ ಚಿತ್ರದೊಳಗೆ ಬರುತ್ತವೆ. ಗೋಪುರ ಎಷ್ಟು ಎತ್ತರ ಎಂಬುದು ಆಗ ತಾನೇ ತಿಳಿಯುತ್ತದೆ. ಪಕ್ಕದಲ್ಲಿ ಮನುಷ್ಯನಿಲ್ಲದ ಗೋಪುರ 20 ಅಡಿಯದೂ ಇರಬಹುದು, 200 ಅಡಿಯದೂ ಇರಬಹುದು.

ಈ ದೇವಾಲಯ ಪೂರ್ವಾಭಿಮುಖವಾಗಿದೆ. ಆದ್ದರಿಂದ ಗೋಪುರದ ಮುಖಕ್ಕೆ ಬೆಳಕು ಬೀಳುವುದು ಬೆಳಗ್ಗೆ. ಸಂಜೆ ಹೋದರೆ ಸೂರ್ಯ ಅದರ ಹಿಂದಿರುತ್ತಾನೆ. ಗಾರೆಯ ಬೊಂಬೆಗಳೆಲ್ಲ ಕಪ್ಪು ನೆರಳಾಗಿ, ಅಂಚು ಮಾತ್ರ ಹೊಳೆಯುತ್ತದೆ. ಅದೂ ಒಂದು ಚಿತ್ರವೇ, ಆದರೆ ಬೇರೆ ಚಿತ್ರ. ಹೊರಡುವ ಮುನ್ನ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೊಳೆಯ ಕಡೆಗೆ ಇಳಿದರೆ ಸ್ನಾನಘಟ್ಟ, ಅಲ್ಲಿ ಹದಿನಾರು ಕಾಲು ಮಂಟಪ. 2018ರ ಆಗಸ್ಟ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ, ವಯನಾಡಿನಲ್ಲಿ ಭಾರಿ ಮಳೆಯಾಗಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಈ ಮಂಟಪ ಮುಳುಗಿತು. ಸಮೀಪದ ಪರಶುರಾಮ ಕ್ಷೇತ್ರಕ್ಕೂ ನೀರು ನುಗ್ಗಿತು. ಊರಿನವರಿಗೆ ಮಂಟಪವೇ ಅಳತೆಗೋಲು. ನೀರು ಮಂಟಪದ ಯಾವ ಮಟ್ಟಕ್ಕೆ ಬಂದಿದೆ ಎಂದು ನೋಡಿ ಪ್ರವಾಹದ ಬಲವನ್ನು ಹೇಳುತ್ತಾರೆ. ನಿಮಗೆ ಇಲ್ಲೊಂದು ಒಳ್ಳೆಯ ಕೆಲಸವಿದೆ. ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಿಂದ, ಪ್ರತಿ ತಿಂಗಳು ಮಂಟಪದ ಒಂದು ಚಿತ್ರ ತೆಗೆಯಿರಿ. ನಿಂತ ಜಾಗಕ್ಕೆ ಗುರುತಾಗಿ ಒಂದು ಮೆಟ್ಟಿಲನ್ನೋ ಕಂಬವನ್ನೋ ಇಟ್ಟುಕೊಳ್ಳಿ. ವರ್ಷದ ಕೊನೆಗೆ ಹನ್ನೆರಡು ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ, ಬೇಸಿಗೆಯ ಹೊಳೆಯೂ ಶ್ರಾವಣದ ಹೊಳೆಯೂ ಒಂದೇ ಹೊಳೆಯೇ ಎಂದು ನೀವೇ ಆಶ್ಚರ್ಯಪಡುವಿರಿ. ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಟವಿಲ್ಲ. ಆದರೆ ಪ್ರವಾಹದ ದಿನ ನೀರಿನ ಬಳಿ ಹೋಗಬೇಡಿ. ರಸ್ತೆಯ ಮೇಲಿನಿಂದಲೇ ತೆಗೆಯಿರಿ. ಆ ತಿಂಗಳ ಚಿತ್ರ ತಪ್ಪಿದರೂ ಚಿಂತೆಯಿಲ್ಲ.

ಊರಿನ ಹೊರಗೆ ಕಪಿಲೆಯ ಮೇಲೆ ಹಳೆಯ ಕಲ್ಲಿನ ಸೇತುವೆಯಿದೆ. 1735ರಲ್ಲಿ ದಳವಾಯಿ ದೇವರಾಜನ ಕಾಲದಲ್ಲಿ ಕಟ್ಟಿದ್ದೆಂದು ಪ್ರಸಿದ್ಧಿ. ಎತ್ತಿನಗಾಡಿಗಾಗಿ ಕಟ್ಟಿದ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಬ್ರಾಡ್‌ಗೇಜ್ ಮಾರ್ಗಕ್ಕಾಗಿ ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೆ ಅದು ವಿಶ್ರಾಂತಿ ಪಡೆದಿದೆ. ಹಳೆಯದೂ ಹೊಸದೂ ಒಂದೇ ಚಿತ್ರದಲ್ಲಿ ಬರುವಂತೆ ನಿಲ್ಲಿ. ಇತಿಹಾಸ ಎಂದರೆ ಹಳೆಯ ವಸ್ತು ಮಾತ್ರವಲ್ಲ, ಹಳೆಯದರ ಪಕ್ಕ ಹೊಸದು ಬಂದು ನಿಂತ ಬಗೆ.

ಈಗ ಬಣ್ಣದ ವಿಚಾರ. ನಮ್ಮ ಕಡೆಯ ಊರುಗಳಲ್ಲಿ ಗೋಡೆಗೆ ಸುಣ್ಣ ಬಳಿಯುವಾಗ ಒಂದಿಷ್ಟು ನೀಲಿ ಕಲಸುತ್ತಿದ್ದರು. ಕೆಳಗಡೆ ಕೆಮ್ಮಣ್ಣಿನ ಪಟ್ಟೆ. ದೇವಸ್ಥಾನದ ಹೊರಗೋಡೆಗೆ ಬಿಳಿ ಮತ್ತು ಕಾವಿಯ ಉದ್ದ ಪಟ್ಟೆಗಳು. ಒಳಗೆ ಕಾವಿಯ ನೆಲ, ಮೇಲೆ ನಾಡಹೆಂಚು. ಇವು ಮಣ್ಣಿನಿಂದ, ಸುಣ್ಣದಿಂದ ಬಂದ ಬಣ್ಣಗಳು. ಬೆಳಕನ್ನು ಮೃದುವಾಗಿ ಹಿಂದಕ್ಕೆ ಕಳುಹಿಸುತ್ತವೆ. ಈಗ ಡಬ್ಬದ ಪೈಂಟ್ ಬಂದಿದೆ. ಹಸಿರು, ಕಿತ್ತಳೆ, ನೇರಳೆ, ಗುಲಾಬಿ. ಕೆಲವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಮಗಳ ಮದುವೆಗೆಂದು ಸಾಲ ಮಾಡಿ ಮನೆಗೆ ಗಿಳಿಹಸಿರು ಹೊಡೆಸಿದವನ ಸಂತೋಷವೂ ಆ ಗೋಡೆಯ ಮೇಲೆ ಇದೆ. ಮುಂದೊಂದು ದಿನ ಅದೂ ಇತಿಹಾಸವೇ. ಎರಡನ್ನೂ ತೆಗೆಯಿರಿ.

ಬಣ್ಣದ ಗೋಡೆಯ ಚಿತ್ರಕ್ಕೆ ನಡುಹಗಲು ಒಳ್ಳೆಯದಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಸೂರಿನ ನೆರಳು ಗೋಡೆಯನ್ನು ಅರ್ಧಕ್ಕೆ ಕತ್ತರಿಸುತ್ತದೆ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಬಣ್ಣ ತುಂಬಿ ಬರುತ್ತದೆ. ಮೋಡದ ದಿನವನ್ನೂ ಬಿಡಬೇಡಿ. ಆಗ ನೆರಳಿನ ಕಾಟವಿಲ್ಲ. ಇನ್ನೊಂದು ಸಂಗತಿ. ಕ್ಯಾಮೆರಾಕ್ಕಾಗಲಿ ಮೊಬೈಲ್ ಫೋನಿಗಾಗಲಿ ಬಿಳಿ ಯಾವುದು, ಕಪ್ಪು ಯಾವುದು ಎಂಬುದು ತಾನಾಗಿ ತಿಳಿಯದು. ಎದುರಿಗಿರುವುದನ್ನೆಲ್ಲ ಸರಾಸರಿ ಮಾಡಿ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಆದ್ದರಿಂದ ಬಿಳಿ ಸುಣ್ಣದ ಗೋಡೆ ಮಂಕಾಗಿಯೂ, ಕರಿಕಲ್ಲಿನ ಕಂಬ ಪೇಲವವಾಗಿಯೂ ಬರುತ್ತದೆ. ಬಿಳಿಗೋಡೆಗೆ ಬೆಳಕನ್ನು ಒಂದಿಷ್ಟು ಹೆಚ್ಚಿಸಿ, ಕರಿಕಲ್ಲಿಗೆ ಒಂದಿಷ್ಟು ತಗ್ಗಿಸಿ. ಕೇಳಲು ತಿರುಗುಮುರುಗು ಎನಿಸುತ್ತದೆ. ಮಾಡಿ ನೋಡಿ, ಸರಿಯೆಂದು ಗೊತ್ತಾಗುತ್ತದೆ.

ಹೊಳೆಯ ಜೊತೆಗೇ ಕೆಳಗೆ ಹೋದರೆ ತಿರುಮಕೂಡಲು ನರಸೀಪುರ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರೂ ಸೇರುವ ಜಾಗವೆಂದು ಜನರ ನಂಬಿಕೆ. ಒಂದು ಕಡೆ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ಕಡೆ ಅಗಸ್ತ್ಯೇಶ್ವರ. ನರಸಿಂಹನ ಬೆರಳ ನಡುವೆ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ಇಲ್ಲಿಯವರ ಹೆಮ್ಮೆ. 1989ರಲ್ಲಿ ಇಲ್ಲಿ ಕುಂಭಮೇಳ ಆರಂಭವಾಯಿತು. 2025ರ ಫೆಬ್ರವರಿಯಲ್ಲೂ ನಡೆಯಿತು. ಅಲ್ಲಿಂದ ಸೋಮನಾಥಪುರ ದೂರವಿಲ್ಲ. 1258ರ ಹೊಯ್ಸಳ ದೇಗುಲ. ಕೆತ್ತನೆಯ ಮೇಲೆ ನೇರ ಬೆಳಕು ಬಿದ್ದರೆ ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಓರೆ ಬೆಳಕು ಬಿದ್ದರೆ ಮಣಿ ಮಣಿಯೂ ಎದ್ದು ಬರುತ್ತದೆ. ಶಾಸನಗಳಿಗೂ ಇದೇ ಮಾತು. ಸವೆದ ಅಕ್ಷರ ಓದಲೆಂದು ಕಲ್ಲಿಗೆ ಸುಣ್ಣ, ಎಣ್ಣೆ, ಸೀಮೆಸುಣ್ಣ ಬಳಿಯುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಒಬ್ಬ ಗೆಳೆಯನ ಕೈಗೆ ಕನ್ನಡಿ ಕೊಟ್ಟು ಬಿಸಿಲನ್ನು ಪಕ್ಕದಿಂದ ಹಾಯಿಸಿದರೆ ಅಕ್ಷರ ತಾನೇ ಮೂಡುತ್ತದೆ. ಬಿ.ಎಲ್. ರೈಸ್ ಅವರು ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳನ್ನು 1894ರಲ್ಲೇ ಅಚ್ಚು ಮಾಡಿದರು. ನಿಮ್ಮ ಊರಿನ ಶಾಸನದ ಪಾಠ ಅದರಲ್ಲಿದೆಯೇ ಎಂದು ಕಾಲೇಜಿನ ಗ್ರಂಥಾಲಯದಲ್ಲಿ ನೋಡಿ, ಕಲ್ಲಿನ ಮುಂದೆ ನಿಂತು ಹೋಲಿಸಿ.

ಕೆಲವು ಶಿಸ್ತುಗಳನ್ನು ಮರೆಯಬಾರದು. ಗರ್ಭಗುಡಿಯ ಚಿತ್ರ ಬೇಡ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು. ಸ್ನಾನಘಟ್ಟದಲ್ಲಿ ಮೀಯುವವರ ಕಡೆಗೆ, ಬಟ್ಟೆ ಬದಲಿಸುವವರ ಕಡೆಗೆ ಕ್ಯಾಮೆರಾ ತಿರುಗಿಸಲೇಬಾರದು. ಯಾರದೇ ಮನೆಯ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳಿ. ಕೇಳಿದರೆ ಬೇಡವೆನ್ನುವವರು ಕಡಿಮೆ. ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಹಾಕಬೇಡಿ. ಹೊಳೆಯ ಮೆಟ್ಟಿಲು ಪಾಚಿ ಹಿಡಿದಿರುತ್ತದೆ, ಸಂಗಮದ ನೀರಿನಲ್ಲಿ ಸುಳಿಯಿರುತ್ತದೆ.

ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಅವರ ಹೆಸರನ್ನು ನೀವು ಕೇಳಿರಬೇಕು. 1923ರಲ್ಲಿ ಜನಿಸಿ 2009ರಲ್ಲಿ ತೀರಿಕೊಂಡ ಅವರು ದೇಶದ ಹೆಸರಾಂತ ಪತ್ರಿಕಾ ಛಾಯಾಗ್ರಾಹಕರು. 1977ರಲ್ಲಿ ಪದ್ಮಶ್ರೀ ಪಡೆದವರು. ದೊಡ್ಡವರ ಚಿತ್ರಗಳನ್ನೂ ತೆಗೆದರು, ಆದರೆ ಹೆಚ್ಚು ನೆನಪಿನಲ್ಲಿ ಉಳಿಯುವುದು ಅವರು ತೆಗೆದ ಸಾಮಾನ್ಯ ಜನರ, ಮಕ್ಕಳ, ದಿನನಿತ್ಯದ ಬದುಕಿನ ಚಿತ್ರಗಳು. ಆ ಪಾಠವನ್ನು ನಾನು ತಡವಾಗಿ ಕಲಿತೆ.

ಈಗ ಸುತ್ತೂರಿನ ಮಾತು. ಪ್ರತಿವರ್ಷ ಜನವರಿ, ಫೆಬ್ರವರಿಯ ಸುಮಾರಿಗೆ ಅಲ್ಲಿ ಜಾತ್ರೆ. ರಥೋತ್ಸವ, ತೆಪ್ಪೋತ್ಸವ, ಕುಸ್ತಿ, ದನಗಳ ಪರಿಷೆ, ರಂಗೋಲಿ. 1993ರಲ್ಲಿ ನಾನು ಎರವಲು ತಂದ ಕ್ಯಾಮೆರಾ ಹಿಡಿದು ಹೋಗಿದ್ದೆ. ಒಂದು ರೀಲು, 36 ಚಿತ್ರ. ಮಠ, ರಥ, ಕುಸ್ತಿ ಎಂದು 34 ಮುಗಿಸಿದೆ. ಉಳಿದ ಎರಡನ್ನು ರಾತ್ರಿಯ ತೆಪ್ಪಕ್ಕೆ ಇಟ್ಟುಕೊಂಡು ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ಅಲ್ಲೊಂದು ನಾಡಹೆಂಚಿನ ಮನೆ. ನೀಲಿ ಸುಣ್ಣದ ಗೋಡೆ, ಕೆಮ್ಮಣ್ಣಿನ ಅಂಚು, ಬಾಗಿಲ ಎರಡು ಕಡೆ ಜಗಲಿ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದರು: “ಏನ್ ಮಗ, ನಮ್ ಮನೆದೂ ಒಂದು ಫೋಟ ಹಿಡ್ಕಬಾರ್ದಾ?”

ನಾನು ಕ್ಯಾಮೆರಾ ಎತ್ತಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ನಾನು ಗುಂಡಿ ಒತ್ತಲಿಲ್ಲ. ಒತ್ತಿದಂತೆ ನಟಿಸಿ, “ಆಯ್ತಜ್ಜಿ” ಎಂದು ಹೊರಟುಬಿಟ್ಟೆ. ರಾತ್ರಿಯ ತೆಪ್ಪದ ಎರಡೂ ಚಿತ್ರಗಳು ಕತ್ತಲೆಯಲ್ಲಿ ಏನೂ ಕಾಣದೆ ಹಾಳಾದವು.

ಕೆಲವು ವರ್ಷಗಳ ಮೇಲೆ ಅದೇ ಬೀದಿಗೆ ಹೋದಾಗ ಮನೆ ಇರಲಿಲ್ಲ. ಮಳೆಗೆ ಗೋಡೆ ಕುಸಿದು, ಅಲ್ಲಿ ತಾರಸಿ ಮನೆ ಎದ್ದಿತ್ತು. ಅಜ್ಜಿಯೂ ಇರಲಿಲ್ಲ. ನನ್ನ ಹೆಗಲ ಮೇಲಿನ ಕ್ಯಾಮೆರಾ ನೋಡಿ ಅವರ ಮೊಮ್ಮಗ ಕೇಳಿದ: “ಜಾತ್ರೇಲಿ ಯಾರೋ ಬಂದು ನಮ್ಮ ಹಳೇ ಮನೆ ಫೋಟ ಹಿಡ್ಕೊಂಡ್ ಹೋದ್ರು ಅಂತ ಅಜ್ಜಿ ಹೇಳ್ತಿತ್ತು. ನೀವೇನಾ ಸಾರ್? ಅಜ್ಜಿದು ಬೇರೆ ಒಂದು ಫೋಟನೂ ಇಲ್ಲ.” ನಾನೇ ಎಂದು ಒಪ್ಪಿಕೊಂಡೆ, ಆಗ ತೆಗೆಯಲಿಲ್ಲವೆಂದೂ ಹೇಳಿದೆ. ಅವನು ಬೈಯಲಿಲ್ಲ. ಕುಡಿಯಲು ನೀರು ತಂದುಕೊಟ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವರ್ಷ ರಥದ ಚಿತ್ರವನ್ನು ನೂರಾರು ಜನ ತೆಗೆದಿದ್ದರು. ಆ ನೀಲಿ ಗೋಡೆಯ ಚಿತ್ರ ಮಾತ್ರ ಎಲ್ಲಿಯೂ ಇಲ್ಲ.

ಮಿತ್ರರೇ, ನಿಮ್ಮ ಕೈಯಲ್ಲಿರುವ ಫೋನಿಗೆ 36ರ ಮಿತಿಯಿಲ್ಲ. ಆದ್ದರಿಂದ ನನ್ನ ನೆಪ ನಿಮಗೆ ಸಲ್ಲದು. ಈ ಭಾನುವಾರ ನಿಮ್ಮ ಬೀದಿಯ ಹತ್ತು ಮನೆಗಳನ್ನು ಆರಿಸಿಕೊಳ್ಳಿ. ಪ್ರತಿ ಮನೆಗೆ ಮೂರು ಚಿತ್ರ: ಎದುರಿನಿಂದ ಒಂದು, ಬೀದಿಯೊಂದಿಗೆ ಸೇರಿಸಿ ಒಂದು, ಬಾಗಿಲು, ಕಂಬ ಅಥವಾ ಜಗಲಿಯದು ಹತ್ತಿರದಿಂದ ಒಂದು. ನೋಟ್‌ಪುಸ್ತಕದಲ್ಲಿ ದಿನಾಂಕ, ಬೀದಿಯ ಹೆಸರು, ನೀವು ನಿಂತ ದಿಕ್ಕು, ಮನೆಯವರು ಹೇಳಿದ ಎರಡು ಸಾಲು ಬರೆದಿಡಿ. ದಿನಾಂಕವಿಲ್ಲದ ಚಿತ್ರ ಹತ್ತು ವರ್ಷದಲ್ಲಿ ಮೂಕವಾಗುತ್ತದೆ. ಚಿತ್ರಗಳನ್ನು ಎರಡು ಕಡೆ ಉಳಿಸಿ, ಒಂದು ಪ್ರತಿಯನ್ನು ಶಾಲೆಗೆ ಕೊಡಿ. ಮರೆಯದೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಮನೆಯವರಿಗೂ ಒಂದು ಪ್ರತಿ ಮುದ್ರಿಸಿ ತಲುಪಿಸಿ.

ಯಾರಾದರೂ ಅಜ್ಜಿ “ನಮ್ಮ ಮನೆದೂ ಒಂದು ಹಿಡ್ಕೊ ಮಗ” ಎಂದರೆ, ಗುಂಡಿ ಒತ್ತಿ.